ಹಳೇ ವ್ಯಾಗನ್‌ಆರ್‌ಗೆ ಶಾಕ್: ಬಫರ್ರಾ, ರೀಕಂಡೀಷನ್ನಾ, ಹೊಸದಾ?

ಕಾರಿನ ಶಾಕ್ ಅಬ್ಸಾರ್ಬರ್ ಹೋದರೆ ಸ್ಪ್ರಿಂಗಿಗೆ ರಬ್ಬರ್ ಬಫರ್ ಸಿಕ್ಕಿಸುವುದಾ, ಹಳೆಯ ಶಾಕನ್ನೇ ಬಿಚ್ಚಿ ರೀಕಂಡೀಷನ್ ಮಾಡಿಸುವುದಾ, ಹೊಸದೇ ಹಾಕಿಸುವುದಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸ ಶಾಕಿಗೆ. ಅದೂ ಮುಂಭಾಗದ ಎರಡು ಗಾಲಿಗೆ ಮಾತ್ರ. ಜೊತೆಗೆ ಅದರ ಸುತ್ತಮುತ್ತಲಿನ ರಬ್ಬರ್ ಸಾಮಾನು ಪೂರ್ತಿ ಹೊಸದು. 2010ರ ವ್ಯಾಗನ್‌ಆರ್‌ಗೆ ಇಷ್ಟೆಲ್ಲ ಖರ್ಚು ಬೇಕಾ ಅಂತ ಮನೆಯಲ್ಲೂ ಕೇಳಿದರು, ಸ್ಟಾಫ್ ರೂಮಿನಲ್ಲೂ ಕೇಳಿದರು. ಈ ಕಾರು ಮಾರಿದರೆ ಎಷ್ಟು ಸಿಗುತ್ತದೆ ಅಂತ ನೋಡಿದರೆ ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಾನು ಮಾರುವ ಯೋಚನೆಯಲ್ಲಿ ಇರಲಿಲ್ಲ, ಓಡಿಸುವ ಯೋಚನೆಯಲ್ಲಿದ್ದೆ.

ನನ್ನ ಓಡಾಟ ಹೇಗೆ ಅಂತ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ, ಶಾಲೆ ಬದಿಯಡ್ಕದ ಆಚೆ. ಪಂಚಾಯತಿನ ಕಾಂಕ್ರೀಟು ಮುಗಿದ ಮೇಲೆ ಅಂಗಳದವರೆಗೆ ಚರಳುಕಲ್ಲಿನ ಇಳಿಜಾರು. ಮಳೆಗಾಲದಲ್ಲಿ ಅದರ ನಡುವೆ ನೀರು ಹರಿದು ತೋಡು ಬೀಳುತ್ತದೆ, ಬೇಸಿಗೆಯಲ್ಲಿ ಕೆಂಪು ಧೂಳು. ಅಡಿಕೆ ಕೊಡುವ ದಿನ ಹಿಂದಿನ ಸೀಟು ಮಡಚಿ ಗೋಣಿ ತುಂಬಿಸುತ್ತೇವೆ. ಆಸ್ಪತ್ರೆಗೆ, ಮದುವೆಗೆ ಅಂತ ಮಂಗಳೂರಿಗೆ ಹೋಗುವುದೂ ಇದೇ ಕಾರಿನಲ್ಲಿ. ದಿನವೂ ಹೆದ್ದಾರಿಯಲ್ಲೇ ಓಡಿಸುವವರಿಗೆ ನನ್ನ ತೀರ್ಮಾನ ಸರಿಹೋಗಲಿಕ್ಕಿಲ್ಲ.

ಶಾಕ್ ಹೋಗಿದೆ ಅಂತ ತಿಳಿಯಲು ಮೆಕ್ಯಾನಿಕ್ ಬೇಕಾಗಲಿಲ್ಲ. ಬ್ರೇಕ್ ಒತ್ತಿದರೆ ಕಾರಿನ ಮೂತಿ ಬಗ್ಗುತ್ತಿತ್ತು. ಬಾನೆಟ್ಟಿನ ಮೂಲೆ ಒತ್ತಿ ಕೈಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕಾದದ್ದು ಮತ್ತೆ ಮತ್ತೆ ಕುಣಿಯುತ್ತಿತ್ತು. ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದರೆ ಅಲ್ಲಲ್ಲಿ ತಗ್ಗು ಸಿಗುತ್ತಿತ್ತು. ಗಾಲಿ ನೆಲಕ್ಕೆ ಅಂಟಿಕೊಂಡು ಉರುಳದೆ ಜಿಗಿಯುತ್ತಾ ಹೋದರೆ ಟೈರು ಹೀಗೆ ಸವೆಯುತ್ತದೆ. ಅಂದರೆ ಶಾಕಿನ ದುಡ್ಡು ಉಳಿಸುವವರು ಟೈರಿನ ಅಂಗಡಿಗೆ ಆ ದುಡ್ಡು ಕೊಡುತ್ತಿರುತ್ತಾರೆ.

ಬಫರಿನ ಕಥೆ ಚಿಕ್ಕದು. ನಮ್ಮ ಭಾವನ ಹತ್ತಿರವೂ ಇದೇ ಕಾರು, ಹೆಚ್ಚುಕಡಿಮೆ ಇದೇ ವಯಸ್ಸಿನದು. ಅವರು ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿಸುವ ರಬ್ಬರ್ ಬಳೆ ಹಾಕಿಸಿದರು. ಸುಮಾರು 1,500 ರೂಪಾಯಿ, ಅರ್ಧ ಗಂಟೆಯ ಕೆಲಸ. ಕಾರು ಸ್ವಲ್ಪ ಎತ್ತರ ನಿಂತಿತು, ರಸ್ತೆಯ ಹಂಪಿಗೆ (ಸ್ಪೀಡ್ ಬ್ರೇಕರಿಗೆ) ಅಡಿ ತಾಗುವುದು ನಿಂತಿತು. ಅವರಿಗೆ ಅಷ್ಟೇ ಬೇಕಿತ್ತು, ಸಂತೋಷವಾಯಿತು. ನಾನು ಅವರ ಕಾರನ್ನು ಪೆರ್ಲದವರೆಗೆ ಓಡಿಸಿ ನೋಡಿದೆ. ಸ್ಪ್ರಿಂಗ್ ಬಿಗಿಯಾಗಿದೆ, ಆದರೆ ಅದರ ಕುಣಿತ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್. ಶಾಕ್ ಸತ್ತಿರುವಾಗ ಸ್ಪ್ರಿಂಗನ್ನು ಬಲ ಮಾಡಿದರೆ ಗುಂಡಿಯ ಹೊಡೆತ ಸೀದಾ ಕಾರಿನ ಮೈಗೆ ಬರುತ್ತದೆ. ಒಳ್ಳೆ ಶಾಕ್ ಇದ್ದು, ಭಾರ ಜಾಸ್ತಿ ಹಾಕುವವರು ಬೇಕಿದ್ದರೆ ಹಾಕಿಸಲಿ.

ರೀಕಂಡೀಷನ್ ನನ್ನದೇ ಕಾರಿಗೆ ಮಾಡಿಸಿದ್ದು. ಮುಂದಿನ ಎರಡಕ್ಕೆ 2,000 ರೂಪಾಯಿ, ಬಿಚ್ಚಿ ಹಾಕುವ ಕೂಲಿ ಬೇರೆ. ಹಳೆಯ ಶಾಕಿನ ಕೊಳವೆ ಬಿಚ್ಚಿ, ಸೀಲ್ ಬದಲಿಸಿ, ಎಣ್ಣೆ ತುಂಬಿಸಿ ಮತ್ತೆ ಮುಚ್ಚಿ ಕೊಡುತ್ತಾರೆ. ಬಣ್ಣವನ್ನೂ ಹೊಡೆದು ಕೊಟ್ಟರು, ನೋಡಲು ಹೊಚ್ಚ ಹೊಸದು! ಕಾರಿಗೆ ಹಾಕುವ ಮೊದಲು ನಾನು ಶಾಕಿನ ಕೊಳವೆಯೊಳಗೆ ಹೋಗಿ ಬರುವ ರಾಡನ್ನು ಕೈಯಿಂದ ಒಳಗೆ ಒತ್ತಿ ನೋಡಿದೆ. ಗ್ಯಾಸ್ ತುಂಬಿದ ಹೊಸ ಶಾಕಾದರೆ ರಾಡ್ ಮೆಲ್ಲ ತಾನಾಗಿ ಮೇಲೆ ಬರುತ್ತದೆ. ಇದು ಒತ್ತಿದಲ್ಲೇ ಕೂತಿತು. ಕಂಪೆನಿಯಲ್ಲಿ ಒಳಗೆ ನೈಟ್ರೋಜನ್ ತುಂಬಿಸಿರುತ್ತಾರೆ, ಎಣ್ಣೆ ನೊರೆಯಾಗದಿರಲಿ ಅಂತ. ಒಮ್ಮೆ ಬಿಚ್ಚಿದರೆ ಆ ಗ್ಯಾಸ್ ಹೋಯಿತು. ಇಂಥ ಅಂಗಡಿಯಲ್ಲಿ ಎಣ್ಣೆ ತುಂಬಿಸುತ್ತಾರೆ, ಗ್ಯಾಸ್ ತುಂಬಿಸುವುದಿಲ್ಲ.

ಆದರೂ ಸುಮ್ನೆ ಬೈಯುವುದಿಲ್ಲ. ಮೊದಮೊದಲು ಚೆನ್ನಾಗಿಯೇ ಇತ್ತು. ಡಾಮರು ರಸ್ತೆಯಲ್ಲಿ ಹೊಸದಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ನಮ್ಮ ಚರಳು ದಾರಿಯಲ್ಲಿ ಕೆಳಗಿನಿಂದ ಮೇಲೆ ಬರುವಷ್ಟರಲ್ಲಿ ಸಡಿಲವಾಗುತ್ತಿತ್ತು, ತಣ್ಣಗಾದ ಮೇಲೆ ಮತ್ತೆ ಸರಿ. ಎಣ್ಣೆ ನೊರೆಯಾದರೆ ಹೀಗೇ ಆಗುವುದು. ಮಳೆಗಾಲ ಮುಗಿಯುವುದರೊಳಗೆ ಎಡಗಡೆಯದು ಎಣ್ಣೆ ಬಿಟ್ಟಿತು. ಬಿಚ್ಚಿ ನೋಡಿದರೆ ಸೀಲ್ ಹೊಸದು, ರಾಡ್ ಹಳೆಯದು. ರಾಡಿನ ಹೊಳಪಿನ ಮೇಲೆ ತುಕ್ಕಿನ ಚುಕ್ಕೆಗಳು. ಬೆರಳಿನ ಉಗುರಿಗೆ ತಾಗುವಷ್ಟು ಒರಟು. ಅಂಥ ರಾಡ್ ಮೇಲೆ ಕೆಳಗೆ ಓಡಾಡಿದರೆ ಎಂಥ ಸೀಲೂ ಹರಿಯುತ್ತದೆ. ಧೂಳು ತಡೆಯುವ ರಬ್ಬರ್ ಬೂಟು ಮೊದಲೇ ಹರಿದಿತ್ತು, ಅದರೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಬೂಟಿನ ಬೆಲೆ ಕೆಲವು ನೂರು ರೂಪಾಯಿ. ರೀಕಂಡೀಷನ್ ಮಾಡಿದವರು ಅದನ್ನು ಮುಟ್ಟಿರಲೇ ಇಲ್ಲ. ವಾರಂಟಿ ಕೇಳಿದ್ದಕ್ಕೆ ‘ರಸ್ತೆ ಹಾಗಿದೆ ಮಾಷ್ಟ್ರೇ’ ಅಂದರು. ರಸ್ತೆ ಹಾಗಿದೆ ಅಂತಲೇ ಅಲ್ವಾ ನಾನು ಶಾಕ್ ಮಾಡಿಸಿದ್ದು?

ಇನ್ನು ಹೊಸದು. ಮುಂದಿನ ಜೋಡಿಗೆ ಸುಮಾರು 5,000. ಒಂದು ಬದಿಯದ್ದು ಮಾತ್ರ ಹೋಗಿದ್ದರೂ ಜೋಡಿಯಾಗಿಯೇ ಬದಲಿಸಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಎರಡು ಕಡೆಯ ಗಾಲಿಗಳು ಬೇರೆ ಬೇರೆ ಥರ ವರ್ತಿಸುತ್ತವೆ. ಸ್ಟ್ರಟ್ (ಮುಂದಿನ ಶಾಕ್ ಮತ್ತು ಅದರ ಸುತ್ತಲಿನ ಸ್ಪ್ರಿಂಗ್ ಸೇರಿದ್ದು) ಬಿಚ್ಚುವಾಗ ಸ್ಪ್ರಿಂಗ್ ಒತ್ತಿ ಹಿಡಿಯುವ ಸರಿಯಾದ ಸಾಧನ ಇದೆಯಾ ಅಂತ ಕೇಳಿಕೊಳ್ಳಿ. ಒತ್ತಿದ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೇ ಅಪಾಯ. ಸ್ಟ್ರಟ್ಟಿನ ಮೇಲ್ತುದಿ ಹಿಡಿದಿಡುವ ರಬ್ಬರ್ ಮೌಂಟು, ಬೂಟು, ಒಳಗಿನ ಬಂಪ್ ರಬ್ಬರು, ಕೆಳಗೆ ಗಾಲಿಯನ್ನು ಚಾಸಿಸ್ಸಿಗೆ ಜೋಡಿಸುವ ಎರಡು ಆರ್ಮ್ (ಚಾಸಿಸ್ಸಿನ ಕಡೆಯ ರಬ್ಬರ್ ಬುಷ್, ಗಾಲಿಯ ಕಡೆಯ ಬಾಲ್ ಜಾಯಿಂಟ್ ಸಮೇತ), ಎಲ್ಲ ಸೇರಿ ಇನ್ನೊಂದು 5,000. ಕೂಲಿ, ವೀಲ್ ಅಲೈನ್‌ಮೆಂಟ್ ಸೇರಿ 12,500ರ ಆಸುಪಾಸಿಗೆ ನಿಂತಿತು. ಮಂಗಳೂರಿನಿಂದ ಬಿಡಿಭಾಗ ನಾನೇ ತಂದುಕೊಟ್ಟೆ.

ಓಡಿಸಿದಾಗ ಗೊತ್ತಾದ ಬದಲಾವಣೆ ಹೇಳಬೇಕಾ? ಅದೇ ಇಳಿಜಾರಿನಲ್ಲಿ ಹಿಂದೆ ಕೂತ ಅಮ್ಮ ಹಿಡಿಕೆ ಹಿಡಿದುಕೊಳ್ಳಲಿಲ್ಲ. ಅಷ್ಟು ಸಾಕು.

ಆದರೆ ಒಂದು ಕಿರಿಕಿರಿ ಬಂತು, ಅದನ್ನು ವಿವರವಾಗಿಯೇ ಹೇಳಬೇಕು. ಹೊಸ ಸಾಮಾನು ಹಾಕಿಸಿಕೊಂಡು ಬಂದ ಮರುದಿನದಿಂದ ನಿಧಾನಕ್ಕೆ ಹಂಪು ಹತ್ತುವಾಗ ಕಾರಿನ ಮುಂಭಾಗದಿಂದ ‘ಕಿರ್ರ್’ ಅಂತ ಶಬ್ದ. ವೇಗವಾಗಿ ಹೋದರೆ ಇಲ್ಲ, ದೊಡ್ಡ ಗುಂಡಿಗೂ ಇಲ್ಲ. ಶಾಲೆಯ ಗೇಟಿನ ಹಂಪಿನಲ್ಲಿ ಮಾತ್ರ ಇಡೀ ಊರಿಗೆ ಕೇಳುವ ಹಾಗೆ. ಕೆಲಸ ಮಾಡಿದ ವರ್ಕ್‌ಶಾಪಿನವರು ಹೊಸ ರಬ್ಬರು, ಓಡಿದ ಹಾಗೆ ಸರಿಯಾಗುತ್ತದೆ ಅಂದರು. ಸರಿಯಾಗಲಿಲ್ಲ. ಮತ್ತೆ ಹೋದರೆ ಯಾವುದೋ ಎಣ್ಣೆ ಸ್ಪ್ರೇ ಮಾಡಿದರು. ಎರಡು ಮಳೆಗೆ ಶಬ್ದ ವಾಪಸ್ ಬಂತು. ಪೆಟ್ರೋಲಿಯಂ ಎಣ್ಣೆ ಬಿದ್ದರೆ ಬುಷ್ಷಿನ ರಬ್ಬರು ಉಬ್ಬಿ ಮೆತ್ತಗಾಗುತ್ತದೆ ಅನ್ನುವುದು ಅವರಿಗೆ ಗೊತ್ತಿರಬೇಕಿತ್ತು. ಮೂರನೇ ಸಲ ಮೌಂಟೇ ಸರಿಯಿಲ್ಲ, ಬೇರೆ ತನ್ನಿ ಅಂದರು. ಅಂದರೆ ಶಾಕ್ ಮತ್ತೊಮ್ಮೆ ಬಿಚ್ಚಬೇಕು, ಕೂಲಿ ಮತ್ತೊಮ್ಮೆ ಕೊಡಬೇಕು.

ನಾನು ತರಲಿಲ್ಲ. ಮನೆ ಹತ್ತಿರದ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿ, ನನ್ನನ್ನು ಬಾನೆಟ್ ಒತ್ತಲು ಹೇಳಿ, ತಾವು ಕೆಳಗಿಳಿದು ಒಂದೊಂದೇ ಭಾಗದ ಮೇಲೆ ಬೆರಳಿಟ್ಟು ನೋಡಿದರು. ಶಬ್ದ ಕಿವಿಗಿಂತ ಮೊದಲು ಬೆರಳಿಗೆ ಸಿಗುತ್ತದೆಯಂತೆ. ಆರ್ಮಿನ ಬುಷ್ಷಿನ ಹತ್ತಿರ ಕೈ ನಿಂತಿತು. ‘ಮಾಷ್ಟ್ರೇ, ಇದನ್ನು ಗಾಡಿ ನೇತಾಡಿಸಿ ಟೈಟ್ ಮಾಡಿದ್ದಾರೆ’ ಅಂದರು.

ವಿಷಯ ಇಷ್ಟು. ಬುಷ್ ಅಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಅಲ್ಲಾಡದಂತೆ ಕೂರುತ್ತದೆ. ಆರ್ಮ್ ಮೇಲೆ ಕೆಳಗೆ ಹೋದಾಗ ರಬ್ಬರು ಅತ್ತಿತ್ತ ತಿರುಚಿ ವಾಪಸ್ ಬರುತ್ತದೆ. ಜ್ಯಾಕ್ ಮೇಲಿರುವಾಗ ಗಾಲಿ ಕೆಳಗೆ ನೇತಾಡುತ್ತದೆ. ಆ ಹೊತ್ತಿನಲ್ಲಿ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಹಿಂಡಿದ ಬೈರಾಸಿನ (ಟವೆಲಿನ) ಹಾಗೆ ತಿರುಚಿಕೊಂಡೇ ಇರುತ್ತದೆ. ಕಾರು ಸುಮ್ಮನೆ ನಿಂತಿದ್ದಾಗಲೂ ಅದಕ್ಕೆ ಬಿಡುವಿಲ್ಲ. ಶಬ್ದ ಬರುತ್ತದೆ, ಬೇಗ ಹರಿಯುತ್ತದೆ. ಹೊಸ ಆರ್ಮ್ ಹಾಕಿಸಿದ ಸ್ವಲ್ಪ ದಿನಕ್ಕೇ ಬುಷ್ ಹೋಯಿತು, ಡೂಪ್ಲಿಕೇಟ್ ಮಾಲು ಅಂತ ದೂರುವವರ ಕಾರನ್ನೂ ಹೀಗೇ ಬಿಗಿದಿರಬಹುದು.

ಅವರು ಬೋಲ್ಟ್ ಸಡಿಲ ಮಾಡಿ, ಕಾರನ್ನು ನಾಲ್ಕು ಗಾಲಿಯ ಮೇಲೆ ನಿಲ್ಲಿಸಿ, ಮುಂಭಾಗವನ್ನು ನಾಲ್ಕೈದು ಸಲ ಕುಣಿಸಿ, ಆಮೇಲೆ ಪಿಟ್ಟಿಗಿಳಿದು ಬಿಗಿದರು. ಪಿಟ್ ಇಲ್ಲದಿದ್ದರೆ ಬಾಲ್ ಜಾಯಿಂಟಿನ ಕೆಳಗೆ ಜ್ಯಾಕ್ ಕೊಟ್ಟು ಗಾಲಿಯ ಮೇಲೆ ಭಾರ ಬರುವಂತೆ ಎತ್ತಿ ಬಿಗಿಯಬಹುದು. 200 ರೂಪಾಯಿ ತೆಗೆದುಕೊಂಡರು. ಶಬ್ದ ಹೋಯಿತು. ಈಗ ಯಾರು ಶಾಕ್ ಬದಲಿಸುತ್ತೇನೆ ಅಂದರೂ ನಾನು ಹೇಳುವುದು ಒಂದೇ: ಯಾವ ಬ್ರಾಂಡು ಅಂತ ಆಮೇಲೆ ಕೇಳಿ, ಆರ್ಮ್ ಬೋಲ್ಟ್ ಯಾವಾಗ ಬಿಗಿಯುತ್ತೀರಿ ಅಂತ ಮೊದಲು ಕೇಳಿ.

ಅಲೈನ್‌ಮೆಂಟ್ ಬಿಡಬೇಡಿ. ಸ್ಟ್ರಟ್ಟಿನ ಬೋಲ್ಟ್ ಬಿಚ್ಚಿದರೆ ಗಾಲಿಯ ಕೋನ ಬದಲಾಗಿಯೇ ಬದಲಾಗುತ್ತದೆ.

ಬೇರೆ ಕಾರು ತೆಗೆದುಕೊಳ್ಳುವ ದಾರಿಯನ್ನೂ ನೋಡಿದೆ. 15 ವರ್ಷ ತುಂಬಿದ ಖಾಸಗಿ ಕಾರಿನ ಆರ್‌ಸಿ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿಸಿತ್ತು, ತೆರಿಗೆ ಬೇರೆ. ನವೀಕರಿಸಿದರೆ ಐದು ವರ್ಷ ಸಿಗುತ್ತದೆ. ಅದಕ್ಕೆ ಹೇಗಿದ್ದರೂ ಕಾರನ್ನು ತಪಾಸಣೆಗೆ ಒಯ್ಯಬೇಕು, ಎಣ್ಣೆ ಸೋರುವ ಶಾಕ್ ಇಟ್ಟುಕೊಂಡು ಹೋಗುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಕೈಗೆಟಕುವ ಬೆಲೆಗೆ ಸಿಗುವ ಸೆಕೆಂಡ್ ಹ್ಯಾಂಡ್ ಕಾರುಗಳಿಗೂ ಎಂಟು ಹತ್ತು ವರ್ಷ ಆಗಿರುತ್ತದೆ, ಅವುಗಳ ಶಾಕ್ ಹೇಗಿದೆಯೋ ಯಾರಿಗೆ ಗೊತ್ತು. ನನ್ನ ಕಾರಿನ ತುಕ್ಕು ಎಲ್ಲಿದೆ, ಶಬ್ದ ಎಲ್ಲಿದೆ ಅಂತ ನನಗೆ ಗೊತ್ತು. ಎಂಜಿನ್ ಚೆನ್ನಾಗಿದೆ. ಅಡಿಯ ಚಾಸಿಸ್ಸಿಗೆ, ಸ್ಟ್ರಟ್ ಕೂರುವ ಮೇಲಿನ ತಗಡಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಒಂದು ರೂಪಾಯಿಯನ್ನೂ ಹಾಕುತ್ತಿರಲಿಲ್ಲ. ಕಡಲ ಬದಿಯಲ್ಲಿ, ಉಪ್ಪಳ ಕುಂಬಳೆ ಕಡೆ ಇರುವವರು ಮೊದಲು ಅದನ್ನು ನೋಡಿಕೊಳ್ಳಿ.

ವರ್ಷದೊಳಗೆ ಕಾರು ಕೊಟ್ಟುಬಿಡುವ ಅಂದಾಜಿದ್ದರೆ, ಓಡಾಟ ಬರೀ ಡಾಮರಿನಲ್ಲಿದ್ದರೆ ರೀಕಂಡೀಷನ್ ಸಾಕು. ಆದರೆ ಅಂಗಡಿಯಲ್ಲೇ ರಾಡಿನ ಮೇಲೆ ಉಗುರು ಆಡಿಸಿ ನೋಡಿ, ಬೂಟು ಹೊಸದು ಹಾಕಿಸಿ.

ಹಿಂದಿನ ಎರಡು ಶಾಕ್ ಹಳೆಯದೇ ಇದೆ. ಈ ಕಾರಿನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಬದಲಿಸುವುದು ಸುಲಭ. ಈಗ ಒಣಗಿಯೇ ಇದೆ, ಅಡಿಕೆ ತುಂಬಿದರೂ ಕುಣಿಯುವುದಿಲ್ಲ. ಎಣ್ಣೆ ಬಿಡುವವರೆಗೆ ಅದಕ್ಕೆ ಕೈ ಹಾಕುವುದಿಲ್ಲ.