ರಾಸ್ ಎಲ್ ಹನೂತ್: ಬಾಟಲಿಗಿಂತ ಲಾಲ್‌ಬಾಗ್‌ನ ಪೊಟ್ಟಣವೇ ಮೇಲು

ಮುಂಬಯಿಯ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಆಮದು ಸರಕಿನ ಜೊತೆ ಕೂರುವ ರಾಸ್ ಎಲ್ ಹನೂತ್ ಎಂಬ ಮೊರೊಕ್ಕೋ ಮಸಾಲೆಪುಡಿಯ ಪುಟ್ಟ ಬಾಟಲಿಗೆ ನಮ್ಮ ಅಂಕ ಐದಕ್ಕೆ ಎರಡು. ಕೊಳ್ಳುವ ಮುಂಚೆ ಹಿಂಬದಿಯ ಲೇಬಲ್ ಓದಿ. ಪದಾರ್ಥಗಳನ್ನು ತೂಕ ಇಳಿಯುವ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ. ಮೊದಲೆರಡು ಹೆಸರಿನಲ್ಲೇ ಉಪ್ಪು ಬಂದರೆ ದುಡ್ಡು ಹೋಗುವುದು ಉಪ್ಪಿಗೆ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತ ಪುಡಿಯಲ್ಲಿ ಏಲಕ್ಕಿ, ಗುಲಾಬಿಗಳ ಪರಿಮಳ ಬೇಗ ಹಾರಿಹೋಗುತ್ತದೆ, ಲವಂಗದ ಘಾಟು ಮಾತ್ರ ಉಳಿಯುತ್ತದೆ.

ಅರಬ್ಬಿಯಲ್ಲಿ ರಾಸ್ ಎಲ್ ಹನೂತ್ ಎಂದರೆ ‘ಅಂಗಡಿಯ ತಲೆ’, ಅಂಗಡಿಯಲ್ಲಿರುವ ಮಸಾಲೆಗಳಲ್ಲೆಲ್ಲ ಶ್ರೇಷ್ಠವಾದದ್ದು. ನಮ್ಮಲ್ಲಿ ಮನೆಗೊಂದು ಸಾರಿನ ಪುಡಿ ಇದ್ದ ಹಾಗೆ ಅಲ್ಲಿ ಅಂಗಡಿಗೊಂದು ಅಳತೆ. ಮನೆಯಲ್ಲಿ ಮಾಡಿದ್ದನ್ನು ನಕಲಿ ಎನ್ನಲು ಅಸಲಿ ಅಳತೆ ಎಂಬುದೇ ಇಲ್ಲ.

ಸಾಮಾನಿಗೆ ಲಾಲ್‌ಬಾಗ್‌ನ ಮಸಾಲೆ ಗಲ್ಲಿ ಸಾಕು (ಬೆಂಗಳೂರಿನ ಹೂತೋಟವಲ್ಲ, ಪರೇಲ್ ಪಕ್ಕದ್ದು). ಅಲ್ಲಿನ ಪುಡಿ ಮಾಡದ ಸಾಂಬಾರ ಪದಾರ್ಥಕ್ಕೆ ನಮ್ಮ ಅಂಕ ಐದಕ್ಕೆ ನಾಲ್ಕೂವರೆ. ಆದರೆ ಅಲ್ಲಿನ ಡಂಕ್ ಯಂತ್ರದಲ್ಲಿ ಇದನ್ನು ಕುಟ್ಟಿಸಬೇಡಿ: ಇಷ್ಟು ಸಣ್ಣ ಪ್ರಮಾಣ ಅದಕ್ಕೆ ಸಾಲದು, ಹಿಂದಿನವರ ಮೆಣಸಿನ ಪುಡಿಯೂ ಬೆರೆಯುತ್ತದೆ. ರಾಸ್ ಎಲ್ ಹನೂತ್ ಖಾರದ ಮಸಾಲೆಯಲ್ಲ.

ಎಚ್ಚರ ಬೇಕಾದದ್ದು ‘ಕಬಾಬ್‌ಚೀನಿ’ ಎಂಬ ಹೆಸರಿನಲ್ಲಿ. ಕೆಲವರು ಬಾಲಮೆಣಸು ಕೊಡುತ್ತಾರೆ, ಕೆಲವರು ಆಲ್‌ಸ್ಪೈಸ್ (ಹೆಸರು ಹೀಗಿದ್ದರೂ ಮಿಶ್ರಣವಲ್ಲ, ಒಂದೇ ಮರದ ಒಣಗಿದ ಕಾಯಿ). ಕಾಳಿಗೆ ತೊಟ್ಟಿನ ಬಾಲ ಇದ್ದರೆ ಬಾಲಮೆಣಸು, ಮರಾಠಿಯಲ್ಲಿ ಕಂಕೋಳ. ಬಾಲವಿಲ್ಲದೆ ಕಂದುಬಣ್ಣದಲ್ಲಿ ದಪ್ಪಗಿದ್ದು, ಜಜ್ಜಿದರೆ ಲವಂಗ-ಚಕ್ಕೆಯ ವಾಸನೆ ಬಂದರೆ ಆಲ್‌ಸ್ಪೈಸ್. ಈ ಮಸಾಲೆಗೆ ಎರಡೂ ಬೇಕು, ಬೇರೆ ಬೇರೆ ಕೇಳಿ ತನ್ನಿ. ಗುಲಾಬಿ ಎಸಳು ತಿನ್ನುವ ದರ್ಜೆಯದ್ದೇ ಆಗಬೇಕು; ಅಲಂಕಾರಕ್ಕೆ ಮಾರುವ ಎಸಳಿಗೆ ಸೆಂಟು ಹೊಡೆದಿರಬಹುದು.

ಸುಮಾರು 60 ಗ್ರಾಂ ಪುಡಿಗೆ ಜೀರಿಗೆ, ಕೊತ್ತಂಬರಿ ಬೀಜ ತಲಾ 10 ಗ್ರಾಂ; ಒಣಶುಂಠಿ ಪುಡಿ 8; ಕಾಳುಮೆಣಸು, ಚಕ್ಕೆ ತಲಾ 5; ಅರಿಶಿನ 4; ಏಲಕ್ಕಿ ಬೀಜ, ಆಲ್‌ಸ್ಪೈಸ್, ಗುಲಾಬಿ ತಲಾ 3; ಜಾಪತ್ರೆ, ಜಾಯಿಕಾಯಿ, ಬಾಲಮೆಣಸು ತಲಾ 2; ಲವಂಗ 1. ಸುರುಳಿಯಾಗದ ದಪ್ಪ ಚಕ್ಕೆಯಾದರೆ ಅದು ಕ್ಯಾಸಿಯಾ, ಘಾಟು ಹೆಚ್ಚು. ಮೂರೂವರೆ ಗ್ರಾಂ ಸಾಕು. ತೂಕದ ಯಂತ್ರ ಇಲ್ಲದಿದ್ದರೆ ಲವಂಗವನ್ನು ಎಣಿಸಿಯೇ ಹಾಕಿ, ಹನ್ನೆರಡರ ಮೇಲೆ ಹೋಗಬೇಡಿ.

ಕನ್ನಡದ ಕೈ ತಪ್ಪುವುದು ಹುರಿಯುವಲ್ಲಿ. ಕೊತ್ತಂಬರಿಯನ್ನು ಹುಳಿಪುಡಿಗೆ ಹುರಿದ ಹಾಗೆ ಎಣ್ಣೆ ಹಾಕಿ ಕೆಂಪಗೆ ಮಾಡಿದರೆ ಕೊನೆಗೆ ಬರುವುದು ಮೆಣಸಿನಕಾಯಿ ಇಲ್ಲದ ಸಾರಿನ ಪುಡಿ. ಜೀರಿಗೆ, ಕೊತ್ತಂಬರಿ, ಕಾಳುಮೆಣಸನ್ನಷ್ಟೇ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ, ಬಣ್ಣ ತಿರುಗುವ ಮುಂಚೆ ಇಳಿಸಿ. ಉಳಿದದ್ದು ಹಸಿಯಾಗಿಯೇ ಇರಲಿ. ಪೂರ್ತಿ ಆರಿದ ಮೇಲೆ ಮಿಕ್ಸಿಯ ಚಟ್ನಿ ಜಾರಿನಲ್ಲಿ ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ಪುಡಿ ಮಾಡಿ. ಒಂದೇ ಸಮನೆ ಓಡಿಸಿದರೆ ಜಾರು ಕಾದು ಪರಿಮಳ ಹಾರುತ್ತದೆ. ಜಾಯಿಕಾಯಿಯಲ್ಲಿ ಜಿಡ್ಡು ಹೆಚ್ಚು, ತುರಿದು ಹಾಕದಿದ್ದರೆ ಗಂಟು ಕಟ್ಟುತ್ತದೆ. ಮಳೆಗಾಲದ ಮುಂಬಯಿಯಲ್ಲಿ ಗುಲಾಬಿ ಎಸಳು ಮೆತ್ತಗಾಗಿ ಜಾರಿನಲ್ಲಿ ಸುಮ್ಮನೆ ತಿರುಗುತ್ತಿರುತ್ತದೆ. ಒಲೆ ಆರಿಸಿದ ಬಾಣಲೆಯಲ್ಲಿ ಒಂದು ನಿಮಿಷ ಆಡಿಸಿ ಗರಿಗರಿ ಮಾಡಿ, ಕಡೆಯ ಸುತ್ತಿಗೆ ಹಾಕಿ. ಜರಡಿ ಹಿಡಿದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಎರಡು ತಿಂಗಳು ಪರಿಮಳ ಚೆನ್ನಾಗಿರುತ್ತದೆ.

ಅವಸರಕ್ಕೆ ಗರಂ ಮಸಾಲೆ ಆದೀತೇ? ಒಂದು ಚಮಚಕ್ಕೆ ಅರ್ಧ ಚಮಚ ಜೀರಿಗೆ ಪುಡಿ, ಅರ್ಧ ಒಣಶುಂಠಿ, ಕಾಲು ಅರಿಶಿನ ಸೇರಿಸಿ. ಕಪ್ಪು ಏಲಕ್ಕಿ ಬಿದ್ದಿರುವ ಗರಂ ಮಸಾಲೆ ಬೇಡ, ಹೊಗೆವಾಸನೆ ಎದ್ದು ಕಾಣುತ್ತದೆ. ಮರಾಠಿಯವರ ಗೋಡಾ ಮಸಾಲೆಯಂತೂ ಬೇಡವೇ ಬೇಡ; ಕೊಬ್ಬರಿ, ಎಳ್ಳು, ಕಲ್ಲುಹೂವಿನ ದಾರಿಯೇ ಬೇರೆ.

ಅರ್ಧ ಕಿಲೋ ಕೋಳಿಗೆ, ಅಥವಾ ಕಾಬೂಲಿ ಕಡಲೆ ಮತ್ತು ಸಿಹಿಗುಂಬಳಕ್ಕೆ, ಎರಡು ಚಮಚ ಸಾಕು. ಈರುಳ್ಳಿ ಬಾಡಿದ ಎಣ್ಣೆಯಲ್ಲೇ ಅರ್ಧ ನಿಮಿಷ ಪುಡಿ ಆಡಿಸಿ, ತಕ್ಷಣ ನೀರು ಹಾಕಿ, ಮುಚ್ಚಿ ನಿಧಾನ ಬೇಯಿಸಿ. ಹುಳಿಗೆ ಹುಣಸೆ ಬೇಡ. ಮೊರೊಕ್ಕೋದಲ್ಲಿ ಉಪ್ಪಿನಲ್ಲಿ ನೆನೆಸಿದ ನಿಂಬೆ ಹಾಕುತ್ತಾರೆ. ಮನೆಯ ಭರಣಿಯಲ್ಲಿ ಖಾರ ಬೆರೆಸದ ಉಪ್ಪುನಿಂಬೆ ಇದ್ದರೆ ತಿರುಳು ತೆಗೆದು ಸಿಪ್ಪೆಯನ್ನಷ್ಟೇ ತೆಳ್ಳಗೆ ಹೆಚ್ಚಿ ಹಾಕಿ, ಉಪ್ಪನ್ನು ಆಮೇಲೆ ನೋಡಿಕೊಳ್ಳಿ.