ಸ್ಮರಣ ಸಂಚಿಕೆ ಪ್ರಿಂಟ್ ಹಾಕಿಸಿದ ಕಥೆ: ಟೈಮಿಗೆ ಸೊನ್ನೆ, ಪ್ರೂಫಿಗೆ ಫುಲ್ ಮಾರ್ಕ್ಸ್

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮೈಸೂರು ವಿವಿಯಲ್ಲಿ ಓದಿದವರದ್ದೊಂದು ಸಣ್ಣ ಸಂಘ ಇದೆ. 25 ವರ್ಷ ಆಯಿತಲ್ವಾ ಅಂತ ಸಂಘದ ಇತಿಹಾಸ ಬರೆದು ಸಂಚಿಕೆ ಮಾಡಿಸಿದೆವು. 64 ಪುಟ, 200 ಪ್ರತಿ. ಪ್ರೆಸ್ಸಿನ ಹೆಸರು ಹಾಕಲ್ಲ.

ಮೊದಲು ಬೈಗುಳ. ಎಂಟು ದಿನ ಅಂದವರು ಹತ್ತೊಂಬತ್ತು ದಿನ ಮಾಡಿದರು. ದಿನಾ ‘ನಾಳೆ ಬನ್ನಿ ಸಾರ್’. ನಾವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದು, ಪುಟ ಜೋಡಿಸೋಕೆ ಅವರದ್ದು ಇನ್ನೂ ಹಳೇ ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಗೊತ್ತಾಗಲ್ಲ, ಹಳೇ ನುಡಿ ಫಾಂಟಿಗೆ ಕನ್ವರ್ಟ್ ಮಾಡಿದ್ದೇ ತಡ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮುಖಪುಟದಲ್ಲಿ ವಿವಿಯ ಧ್ಯೇಯವಾಕ್ಯ ‘ನ ಹಿ ಜ್ಞಾನೇನ ಸದೃಶಂ’ ಹಾಕಿದ್ದೆವು. ಪ್ರೂಫಿನಲ್ಲಿ ನೋಡಿದರೆ ಞ ಒತ್ತು ಮಾಯ, ‘ಜಾನೇನ’ ಅಂತಿದೆ! ಜ್ಞಾನಕ್ಕೆ ಸಮ ಇನ್ನೊಂದಿಲ್ಲ ಅನ್ನೋ ಮಾತಿನಲ್ಲಿ ಜ್ಞಾನವೇ ನಾಪತ್ತೆ.

ಆದರೆ ಅಲ್ಲಿ ಪ್ರೂಫ್ ನೋಡುವ ಹಿರಿಯರೊಬ್ಬರಿದ್ದಾರೆ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ‘1916ರಲ್ಲಿ ವಿವಿ ಆರಂಭ’ ಅಂತ ಬರೆದು ಪಕ್ಕದಲ್ಲಿ ವಿವಿ ಕ್ಯಾಂಪಸ್ ಮಾನಸಗಂಗೋತ್ರಿಯ ಫೋಟೋ ಹಾಕಿದ್ದೆವು. ಪೆನ್ಸಿಲಿನಲ್ಲಿ ಅದಕ್ಕೊಂದು ಸುತ್ತು ಹಾಕಿ ‘1960, ಕುವೆಂಪು ಕಾಲ’ ಅಂತ ಬರೆದಿದ್ದರು. ಆ ಕ್ಯಾಂಪಸ್ಸಿಗೆ ಹೆಸರಿಟ್ಟಿದ್ದೇ ಕುಲಪತಿಯಾಗಿದ್ದ ಕುವೆಂಪು. ಮೈಸೂರಲ್ಲೇ ಓದಿದ ನಮಗೆ ಇದು ಹೊಳೆಯಲಿಲ್ಲ ನೋಡಿ.

ಇನ್ನೊಂದು ಇದಕ್ಕಿಂತ ದೊಡ್ಡದು. ನಮ್ಮ ಸಂಘದ ಅತಿ ಹಿರಿಯ ಸದಸ್ಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1962ರಲ್ಲಿ ಬಿಎಸ್ಸಿ ಮುಗಿಸಿದವರು. ಬೆಂಗಳೂರು ವಿವಿಯವರು ಅಂದುಕೊಂಡು ಅವರನ್ನು ಇಷ್ಟು ವರ್ಷವೂ ಸುಮ್ನೆ ‘ಗೌರವ ಸದಸ್ಯರು’ ಅಂತ ಬೇರೆ ಪಟ್ಟಿಯಲ್ಲೇ ಇಟ್ಟಿದ್ದೆವು, ಪಾಪ ಅವರೂ ಏನೂ ಅಂದಿರಲಿಲ್ಲ. ಪ್ರೂಫ್ ನೋಡುವವರು ಕನ್ನಡಕ ಹಣೆಗೆ ಏರಿಸಿ ಕೇಳಿದರು: ‘ಬೆಂಗಳೂರು ವಿವಿ ಹುಟ್ಟಿದ್ದೇ 1964ರಲ್ಲಿ. 62ರಲ್ಲಿ ಇವರಿಗೆ ಡಿಗ್ರಿ ಕೊಟ್ಟವರು ಯಾರು ಸ್ವಾಮಿ?’ ನಾವು ಗಪ್‌ಚುಪ್. ಮೈಸೂರು ವಿವಿ ಶುರುವಾದಾಗ ಮಹಾರಾಜ ಕಾಲೇಜಿನ ಜೊತೆ ಸೆಂಟ್ರಲ್ ಕಾಲೇಜೂ ಅದರದ್ದೇ ಆಗಿತ್ತು. ಮಂಗಳೂರು ಹತ್ತಿರದ ಕೊಣಾಜೆ ಕ್ಯಾಂಪಸ್ಸಿನದೂ ಇದೇ ಕಥೆ, 1980ರಲ್ಲಿ ಮಂಗಳೂರು ವಿವಿ ಆಗೋವರೆಗೆ ಅದು ಮೈಸೂರಿನ ಸ್ನಾತಕೋತ್ತರ ಕೇಂದ್ರ. ಹಾಗಾಗಿ ಸದಸ್ಯರ ಪಟ್ಟಿಯನ್ನೇ ಮತ್ತೆ ಮಾಡಿದೆವು. ಎರಡು ಪುಟ ಪೂರ್ತಿ ಬದಲಾಯಿತು, ಜಾಸ್ತಿ ದುಡ್ಡು ಕೇಳಲಿಲ್ಲ.

ಪೇಪರ್ ಚೆನ್ನಾಗಿದೆ, ಫೋಟೋಗಳು ಸ್ವಲ್ಪ ಕಪ್ಪು. ನೀವು ಹೋಗೋದಾದರೆ ಪಿಡಿಎಫ್ ಮಾಡಿಕೊಂಡೇ ಹೋಗಿ, ಫಂಕ್ಷನ್ನಿಗೆ ಒಂದು ತಿಂಗಳು ಮೊದಲೇ ಕೊಡಿ. ಪ್ರೂಫ್ ನೋಡುವವರು ಬರೋದು ಹನ್ನೊಂದರ ಮೇಲೆ.