ಮಳೆಗಾಲದಲ್ಲಿ ಕತ್ತಿಗೆ ಎಂತ ಹಚ್ಚುದು: ಚಿಮಿಣಿ ಎಣ್ಣೆಯಾ, ವ್ಯಾಸಲಿನ್ನಾ, ಕ್ಯಾಂಡಲ್ಲಾ?

ನಮ್ಮ ಬದಿಯಡ್ಕ ಕಡೆ ಆಟಿ ತಿಂಗಳಲ್ಲಿ ಕತ್ತಿಯನ್ನು ಹಾಗೇ ಬಿಟ್ರೆ ಕೆಂಪಾಗ್ಲಿಕ್ಕೆ ಹೆಚ್ಚು ದಿನ ಬೇಡ. ಈ ಸಲ ಹಳೇ ಕತ್ತಿಗಳನ್ನೆಲ್ಲ ಮಸೆದು ಒರೆಸಿ, ಒಂದೊಂದಕ್ಕೆ ಒಂದೊಂದು ಹಚ್ಚಿ ಪಂಪ್‌ಶೆಡ್ಡಿನ ಗೋಡೆಗೆ ಸಾಲಾಗಿ ನೇತು ಹಾಕಿದೆ. ಚಿಮಿಣಿ ಎಣ್ಣೆ (ಸೀಮೆಎಣ್ಣೆ), ಹೊಲಿಗೆ ಮಿಷಿನಿನ ಎಣ್ಣೆ, ಕ್ಯಾಂಡಲ್, ವ್ಯಾಸಲಿನ್. ನಾಲ್ಕೂ ಪೆಟ್ರೋಲಿಯಂ ಮಕ್ಕಳೇ, ಕಾರ್ಬನ್ ಪರಮಾಣುಗಳ ಸರಪಳಿ, ಅದಕ್ಕೆ ಅಂಟಿದ ಹೈಡ್ರೋಜನ್, ಹೆಚ್ಚುಕಮ್ಮಿ ಅಷ್ಟೇ. ಸರಪಳಿ ಎಷ್ಟು ಉದ್ದ, ನೆಟ್ಟಗುಂಟಾ ಕವಲೊಡೆದಿದೆಯಾ ಅನ್ನುದ್ರಲ್ಲೇ ಎಲ್ಲ ಆಟ.

ಮೊದಲು ತುಕ್ಕು ಬಂದದ್ದು ಚಿಮಿಣಿ ಎಣ್ಣೆಯ ಕತ್ತಿಗೆ. ಅದರಲ್ಲಿ ಸುಮಾರು 10ರಿಂದ 16 ಕಾರ್ಬನ್ನಿನ ಗಿಡ್ಡ ಸರಪಳಿಗಳು, ಒಂದಕ್ಕೊಂದು ಹಿಡಿತ ಕಮ್ಮಿ, ಹಾಗಾಗಿ ಸಂದುಗೊಂದಿಗೆಲ್ಲ ಚೆನ್ನಾಗಿ ಇಳೀತದೆ, ಆದ್ರೆ ಆರಿಯೂ ಹೋಗ್ತದೆ. ಹಲಸಿನ ಮೇಣ ತೆಗೀಲಿಕ್ಕೆ ಮಾತ್ರ ಇದನ್ನು ಮೀರಿಸುವವರಿಲ್ಲ ಮಾರಾಯ್ರೆ. ಮಿಷಿನ್ ಎಣ್ಣೆಯ ಸರಪಳಿ ಅದಕ್ಕಿಂತ ಉದ್ದ, ಆರುದಿಲ್ಲ, ಆದ್ರೆ ನೇತು ಹಾಕಿದ ಕತ್ತಿಯಲ್ಲಿ ಮೆಲ್ಲ ಕೆಳಗೆ ಇಳಿದು ತುದಿಯಲ್ಲಿ ತೊಟ್ಟಿಕ್ಕುತ್ತದೆ, ಮೇಲಿನ ಭಾಗ ಬರೀ ಕಬ್ಬಿಣ. ದಿನಾ ತೋಟಕ್ಕೆ ಹೋಗುವ ಕತ್ತಿಗಾದ್ರೆ ಸಾಕು.

ಕ್ಯಾಂಡಲ್ ಮೇಲೆ ನನಗೆ ಭಾರೀ ನಂಬಿಕೆ ಇತ್ತು. 16 ಕಾರ್ಬನ್ನಿನ ನೆಟ್ಟಗಿನ ಸರಪಳಿ 18 ಡಿಗ್ರಿಗೇ ಕರಗ್ತದೆ, 18 ಕಾರ್ಬನ್ನಿನದ್ದು 28ಕ್ಕೆ, 20ರದ್ದು ಸುಮಾರು 37ಕ್ಕೆ, ಅಂದ್ರೆ ನಮ್ಮೂರಿನ ಸೆಕೆಗೆ ಗಟ್ಟಿಯಾಗಿ ಕೂರ್ಬೇಕಾದ್ರೆ 20ರ ಹತ್ರ ಹೋಗ್ಲೇಬೇಕು, ಕ್ಯಾಂಡಲಿನ ಪ್ಯಾರಾಫಿನ್ ಮೇಣದಲ್ಲಿ 20ರಿಂದ 40ರ ತನಕ ಉಂಟು. ಸರಪಳಿ ಉದ್ದ ಆದ ಹಾಗೆ ಪಕ್ಕದ್ದಕ್ಕೆ ತಾಗುವ ಜಾಗ ಜಾಸ್ತಿ, ಒಂದೊಂದು ಕಡೆ ಎಳೆತ ಸಣ್ಣದಾದ್ರೂ ಒಟ್ಟು ಸೇರಿದ್ರೆ ಗಟ್ಟಿ. ಹಿಡಿಸೂಡಿ ಕಡ್ಡಿ ಕಟ್ಟಿದ ಹಾಗೆ ಅಂಕುಡೊಂಕಾದ್ರೂ ಕವಲಿಲ್ಲದ ಈ ಸರಪಳಿಗಳು ಒತ್ತಾಗಿ ಹೊಂದಿ ಕೂತು ಹರಳಾಗ್ತವೆ. ತೊಂದರೆಯೂ ಅಲ್ಲೇ, ಹರಳಾದ್ದು ಬಾಗುದಿಲ್ಲ, ಕತ್ತಿ ಎಲ್ಲಿಗಾದ್ರೂ ತಾಗಿದ್ರೆ ಚಕ್ಕೆ ಏಳ್ತದೆ, ಎದ್ದ ಜಾಗದಲ್ಲಿ ತುಕ್ಕು. ಗರಗಸಕ್ಕೆ ಉಜ್ಜಿ ನೋಡಿ ಬೇಕಾದ್ರೆ, ಮರದಲ್ಲಿ ಸಲೀಸಾಗಿ ಓಡ್ತದೆ, ಅದು ಬೇರೆ ವಿಷಯ.

ಗೆದ್ದದ್ದು ವ್ಯಾಸಲಿನ್. ಇದರಲ್ಲೂ ಉದ್ದ ಸರಪಳಿಗಳೇ, ಹೆಚ್ಚಿನವು 25 ಕಾರ್ಬನ್ನಿನ ಮೇಲೆ, ಆದ್ರೆ ನೆಟ್ಟಗಿನದ್ದು, ಕವಲಿನದ್ದು, ಉಂಗುರದ್ದು ಎಲ್ಲ ಕಲಸುಮೇಲೋಗರ, ಸಾಲಾಗಿ ಕೂರ್ಲಿಕ್ಕೆ ಒಂದನ್ನೊಂದು ಬಿಡುದಿಲ್ಲ, ಮಧ್ಯೆ ಎಣ್ಣೆಯೂ ಸಿಕ್ಕಿಬೀಳ್ತದೆ. ಹಾಗಾಗಿ ಇಳಿಯುದೂ ಇಲ್ಲ, ಚಕ್ಕೆ ಏಳುದೂ ಇಲ್ಲ. ಆಕಾರದಿಂದ ಎಷ್ಟು ವ್ಯತ್ಯಾಸ ಆಗ್ತದೆ ಅಂತ ಡೌಟಿದ್ರೆ ಪೆಂಟೇನ್ ಅನ್ನುವ ಗಿಡ್ಡ ಸರಪಳಿಯದ್ದನ್ನು ನೋಡಿ, ಅದೇ 5 ಕಾರ್ಬನ್, ಅದೇ 12 ಹೈಡ್ರೋಜನ್, ನೆಟ್ಟಗಿದ್ರೆ 36 ಡಿಗ್ರಿಗೆ ಕುದೀತದೆ, ಉಂಡೆಯ ಹಾಗೆ ಕವಲೊಡೆದ್ರೆ ಹತ್ತಿರ ಹತ್ತಿರ 10ಕ್ಕೇ ಗ್ಯಾಸ್! ಅಂದಹಾಗೆ ಈ ವ್ಯಾಸಲಿನ್ ಮೊದಲು ಸಿಕ್ಕಿದ್ದೇ ಅಮೆರಿಕದ ಎಣ್ಣೆ ಬಾವಿಯ ಕಬ್ಬಿಣದ ಸರಳಿಗೆ ಮೆತ್ತಿಕೊಂಡ ಗಸಿಯಿಂದ, ಚೆಸ್‌ಬ್ರೋ ಅನ್ನುವವರು 1872ರಲ್ಲಿ ಪೇಟೆಂಟ್ ತಕ್ಕೊಂಡ್ರು.

ಹಾರೆ ಪಿಕ್ಕಾಸಿಗೆಲ್ಲ ವ್ಯಾಸಲಿನ್ ಹಚ್ಚುದು ದುಬಾರಿ. ಅದಕ್ಕೆ ಕ್ಯಾಂಡಲ್ ತುರಿದು ಚಿಮಿಣಿ ಎಣ್ಣೆಯಲ್ಲಿ ನೆನೆಸಿಡಿ, ಒಲೆ ಹತ್ರ ಮಾತ್ರ ಬೇಡ, ಬಿಸಿಲೇ ಸಾಕು. ಗಿಡ್ಡ ಸರಪಳಿ ಉದ್ದದ್ದನ್ನು ಸಂದಿಗೆಲ್ಲ ಮುಟ್ಟಿಸಿ ತಾನು ಆರಿಹೋಗ್ತದೆ, ತೆಳು ಮೇಣದ ಪದರ ಉಳೀತದೆ. ಅಡುಗೆಮನೆಯ ಮೆಟ್ಟುಕತ್ತಿಗೆ ಇದ್ಯಾವುದೂ ಬೇಡ, ತೆಂಗಿನೆಣ್ಣೆ ಹಚ್ಚಿ. ಮತ್ತೆ ವ್ಯಾಸಲಿನ್ ಹಚ್ಚುವಾಗ ಹಿಡಿಗೆ ತಾಗದ ಹಾಗೆ ನೋಡ್ಕೊಳ್ಳಿ, ಕೈ ಜಾರ್ತದೆ.